ನಲ್ಲಿ ರಿಪೇರಿ: ನಾವೇ ಮಾಡೋದಾ, ಪ್ಲಂಬರ್ ಕರೆಸೋದಾ?

ತೊಟ್ಟಿಕ್ಕುವ ಹಳೇ ನಲ್ಲಿಗೆ ಪ್ಲಂಬರ್ ಬೇಕಿಲ್ಲ. ಸಾಮಾನ್ಯವಾಗಿ ಒಳಗಿನ ವಾಷರ್ (ನೀರು ತಡೆಯುವ ಬಿಲ್ಲೆ) ಸವೆದಿರುತ್ತದೆ. ಮೇನ್ ವಾಲ್ವ್ ಮುಚ್ಚಿ, ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ) ಬಿಚ್ಚಿ, ಹೊಸ ವಾಷರ್ ಹಾಕಿದರೆ ಮುಗಿಯಿತು. ಸಿಂಕ್ ಕೆಳಗಿನ ಟ್ರ್ಯಾಪ್ (ನೀರು, ಕಸ ನಿಲ್ಲುವ ಭಾಗ) ಬಿಚ್ಚಿ ಕಸ ತೆಗೆಯುವುದೂ ಅಷ್ಟೇ ಸುಲಭ, ಬಕೆಟ್ ಇಡಲು ಮರೆಯದಿದ್ದರೆ.

ಹೊಸ ನಲ್ಲಿ ಕೂರಿಸುವುದು ಮಾತ್ರ ನೋಡಲು ಸುಲಭ. ಸೋರದಂತೆ ಸುತ್ತುವ ತೆಳು ಟೆಫ್ಲಾನ್ ಟೇಪನ್ನು ನಲ್ಲಿಯ ಥ್ರೆಡ್ (ಸ್ಕ್ರೂ ಗೆರೆ) ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಸುರುಟಿಕೊಂಡು ಹೊರಬರುತ್ತದೆ. ಆಮೇಲೆ ಸೋರುತ್ತದೆ, ನಾವು ಸ್ಪ್ಯಾನರ್ ಹಾಕಿ ಇನ್ನಷ್ಟು ಬಿಗಿಯುತ್ತೇವೆ, ಪ್ಲಾಸ್ಟಿಕ್ ಎಲ್ಬೋ (ಪೈಪ್ ತಿರುವಿನ ತುಂಡು) ಸೀಳುತ್ತದೆ. ಅದೂ ಗೋಡೆಯೊಳಗೆ! ಎಲ್ಲಿಗೆ ನಿಲ್ಲಿಸಬೇಕು ಅನ್ನುವ ಅಂದಾಜು ಪ್ಲಂಬರ್ ಕೈಗಿರುತ್ತದೆ. ಕೂಲಿ ಕೊಡುವುದು ಅದಕ್ಕೇ. ಲೋಹದ ಫಿಟ್ಟಿಂಗ್ ಆದರೆ ನೀವೇ ಪ್ರಯತ್ನಿಸಬಹುದು, ಪ್ಲಾಸ್ಟಿಕ್ ಆದರೆ ನಾನಂತೂ ಬೇಡ ಅನ್ನುತ್ತೇನೆ.

ಗೋಡೆಯೊಳಗಿನ ಸೋರಿಕೆ, ಗೀಸರ್ ಲೈನ್: ಯೋಚಿಸದೆ ಕರೆಸಿ. ಬಿಸಿನೀರಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪಿಗೆ ಮಾಮೂಲಿ ಪಿವಿಸಿ ಗಮ್ ಹಚ್ಚಿದರೆ ಇವತ್ತು ನಿಂತ ಜಾಯಿಂಟ್ ನಾಳೆ ಕೈಕೊಡಬಹುದು. ಯಾರೇ ಅಂಟಿಸಲಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೇ ನೀರು ಬಿಡಿ.