ನೆರವಿನ ಲೆಕ್ಕ ಇಡುವ ಸಾಫ್ಟ್‌ವೇರ್ ಕೊಳ್ಳಲು ಕನ್ಸಲ್ಟೆಂಟ್ ಬೇಕಾ? ನಮ್ಮ ಟ್ರಸ್ಟ್‌ನ ಅನುಭವ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಟ್ರಸ್ಟ್‌ನಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಮಳೆಗಾಲದಲ್ಲಿ ಮನೆ ಬಿದ್ದವರಿಗೆ ಟಾರ್ಪಾಲು, ಹೆಂಚು, ಶೀಟು ಕೊಡುತ್ತೇವೆ. ಓದುವ ಮಕ್ಕಳಿಗೆ ಫೀಸು ಕಟ್ಟುತ್ತೇವೆ. ಮಂಗನಕಾಯಿಲೆ ಬಂದು ದುಡಿಯುವವರೇ ಮಲಗಿದ ಮನೆಗಳಿಗೆ ರೇಷನ್ ತಲುಪಿಸುತ್ತೇವೆ. ಕೆಲಸ ಇಷ್ಟೇ. ಆದರೆ ಹಣ ಕೊಡುವವರು ತರಹೇವಾರಿ. ಬೆಂಗಳೂರಿನಲ್ಲಿರುವ ನಮ್ಮೂರಿನವರು, ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಎತ್ತಿಡುವ ಹಣ), ವಿದೇಶದ ಒಂದೆರಡು ಸಂಸ್ಥೆ. ಯಾರ ಹಣ ಯಾರ ಮನೆಗೆ ಹೋಯಿತು ಅಂತ ಕೇಳಿದಾಗ ತೋರಿಸಲು ಒಂದು ವ್ಯವಸ್ಥೆ ಬೇಕಿತ್ತು. ಅದನ್ನು ಕೊಳ್ಳುವ ಕೆಲಸಕ್ಕೆಂದೇ ಶಿವಮೊಗ್ಗದ ಒಬ್ಬ ಕನ್ಸಲ್ಟೆಂಟ್ ಮೇಡಂ ಅವರನ್ನು ಇಟ್ಟುಕೊಂಡೆವು. ಕೊಟ್ಟ ದುಡ್ಡಿಗೆ ಕೆಲಸ ಆಯಿತು ಅಂತ ಧೈರ್ಯವಾಗಿ ಹೇಳುತ್ತೇನೆ. ಎರಡು ತಕರಾರೂ ಇವೆ, ಅವನ್ನೂ ಬರೆಯುತ್ತೇನೆ.

ಎಕ್ಸೆಲ್ ಸಾಕಾಗ್ತಿರಲಿಲ್ವಾ ಅಂತ ಬಹಳ ಜನ ಕೇಳಿದ್ದಾರೆ. 2019ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ಶಿವಮೊಗ್ಗ ಪೇಟೆಯ ಬಡಾವಣೆಗಳಿಗೇ ತುಂಗೆ ನುಗ್ಗಿದ ವರ್ಷ. ಆಗ ಎಲ್ಲೆಲ್ಲಿಂದಲೋ ನೆರವು ಬಂತು. ಒಬ್ಬೊಬ್ಬ ಕಾರ್ಯಕರ್ತರ ಹತ್ತಿರ ಒಂದೊಂದು ಪಟ್ಟಿ. ಒಂದೇ ಮನೆಗೆ ಎರಡೆರಡು ಟಾರ್ಪಾಲು ಹೋಯಿತು, ಅದೇ ಕೇರಿಯ ತುದಿಮನೆಗೆ ಏನೂ ಸಿಗಲಿಲ್ಲ. ಕೊಟ್ಟವರಿಗೂ ಸಮಾಧಾನವಿಲ್ಲ, ಸಿಗದವರಿಗಂತೂ ಇಲ್ಲವೇ ಇಲ್ಲ.

ಮೇಲಿಂದ ಕಾನೂನು ಬಿಗಿಯಾಗುತ್ತಾ ಬಂತು. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ವಿದೇಶಿ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು. ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು 50% ಇದ್ದದ್ದು 20%ಕ್ಕೆ ಇಳಿಯಿತು. ದಾನಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ 80ಜಿ ರಸೀದಿ ಕೊಡುವವರು 2021-22ರಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸಬೇಕಾಯಿತು. ಸಿಎಸ್‌ಆರ್ ಕೊಡುವ ಕಂಪನಿಗೆ ಬಳಕೆ ಪ್ರಮಾಣಪತ್ರ ಬೇಕು, ಫೋಟೋ ಬೇಕು. ಇದೆಲ್ಲ ನ್ಯಾಯವೇ. ಆದರೆ ಇಷ್ಟನ್ನೂ ಟ್ಯಾಲಿ ಮತ್ತು ಎಕ್ಸೆಲ್ ನಡುವೆ ಓಡಾಡಿಕೊಂಡು ಮಾಡುವುದು ಮಾರ್ಚ್ ತಿಂಗಳಲ್ಲಿ ಮನುಷ್ಯರ ಕೈಲಿ ಆಗುವ ಕೆಲಸವಲ್ಲ.

ಮೊದಲು ಒಬ್ಬರು "ಫ್ರೀಯಾಗಿ ಸಲಹೆ ಕೊಡ್ತೀನಿ" ಅಂತ ಬಂದಿದ್ದರು. ನಮ್ಮ ಕೆಲಸ ಏನು ಅಂತ ಕೇಳುವ ಮುಂಚೆಯೇ ಒಂದು ಕಂಪನಿಯ ಹೆಸರು ಹೇಳಿದರು. ಆ ಕಂಪನಿಯಿಂದ ಅವರಿಗೆ ಕಮಿಷನ್ ಇದೆ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಗೇ ನಿಲ್ಲಿಸಿದೆವು. ಆದ್ದರಿಂದ ಮೇಡಂ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮೊದಲು ಬರೆಸಿದ್ದೇ ಇದು: ಸಾಫ್ಟ್‌ವೇರ್ ಮಾರುವ ಯಾರಿಂದಲೂ ಹಣ, ಕಮಿಷನ್, ಉಡುಗೊರೆ ತೆಗೆದುಕೊಳ್ಳುವುದಿಲ್ಲ. ಅವರು ಒಂದು ಮಾತೂ ಆಡದೆ ಸಹಿ ಹಾಕಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಗಲೇ.

ನಮ್ಮ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಅವರಿಗೆ ಇದು ಇಷ್ಟವಿರಲಿಲ್ಲ. "ವಸ್ತು ತಗೊಳ್ಳೋಕೆ ದುಡ್ಡು ಸರಿ. ಯಾವ ವಸ್ತು ಅಂತ ಹೇಳೋಕೂ ದುಡ್ಡು ಕೊಡ್ಬೇಕಾ?" ಅಂದರು. ಕೇಳಬೇಕಾದ ಪ್ರಶ್ನೆಯೇ. ದಾನದ ಹಣ ನೋಡಿ.

ಮೇಡಂ ಬಂದ ಮೊದಲ ವಾರ ಸಾಫ್ಟ್‌ವೇರ್ ಮಾತೇ ಎತ್ತಲಿಲ್ಲ. ಹಳ್ಳಿಗೆ ಹೋಗುವ ನಮ್ಮ ಕಾರ್ಯಕರ್ತೆಯ ಜೊತೆ ಕೂತು, "ಅಕ್ಕಾ, ಒಂದು ಮನೆ ಬಿತ್ತು ಅಂತ ಫೋನ್ ಬಂತು. ಅಲ್ಲಿಂದ ಹೇಳಿ" ಅಂದರು. ಅಕ್ಕ ಹೇಳುತ್ತಾ ಹೋದರು, ಮೇಡಂ ಬರೆಯುತ್ತಾ ಹೋದರು. ಯಾರು ನೋಡಲು ಹೋಗುತ್ತಾರೆ, ಯಾವ ಕಾಗದ ತರುತ್ತಾರೆ, ಯಾರು ಮಂಜೂರು ಮಾಡುತ್ತಾರೆ, ಶೀಟು ಎಲ್ಲಿಂದ ಎತ್ತುತ್ತಾರೆ, ಬಿಲ್ಲು ಯಾರ ಕೈಯಲ್ಲಿ ಉಳಿಯುತ್ತದೆ. ಗೋಡೆಗೆ ಅಂಟಿಸಿದ ಆ ಹಾಳೆ ನೋಡಿದಾಗ ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ನಮಗೇ ಪೂರ್ತಿಯಾಗಿ ಕಂಡಿತು. ಹಣ ಎಲ್ಲಿ ಎರಡು ಸಲ ಎಣಿಕೆಯಾಗುತ್ತದೆ ಅನ್ನುವುದೂ ಅಲ್ಲೇ ಸಿಕ್ಕಿತು.

ಅವರಿಂದ ನಾನು ಕಲಿತ ದೊಡ್ಡ ವಿಷಯ ಮೂರು ಕಾಲಂನದ್ದು. ಕೊಡುತ್ತೇನೆ ಅಂತ ಒಪ್ಪಿದ ಹಣ, ನಿಜವಾಗಿ ಖಾತೆಗೆ ಬಂದ ಹಣ, ಖರ್ಚಾದ ಹಣ. ಮೂರನ್ನೂ ಬೇರೆ ಬೇರೆ ಇಡಬೇಕು. ದೇಶದೇಶಗಳ ನಡುವೆ ಓಡಾಡುವ ನೆರವಿಗೂ ಇದೇ ಕ್ರಮವಂತೆ. 2008ರಲ್ಲಿ ಘಾನಾದ ಅಕ್ರಾದಲ್ಲಿ ಐಎಟಿಐ ಅಂತ ಶುರುವಾಯಿತು. ನೆರವಿನ ಮಾಹಿತಿಯನ್ನು ಎಲ್ಲರೂ ಒಂದೇ ಮಾದರಿಯಲ್ಲಿ ಪ್ರಕಟಿಸಲಿ ಅನ್ನುವ ಏರ್ಪಾಡು ಅದು. ಅದರಲ್ಲೂ ಒಪ್ಪಿದ್ದು, ಬಿಡುಗಡೆ ಆಗಿದ್ದು, ಖರ್ಚಾಗಿದ್ದು ಬೇರೆ ಬೇರೆ. ನಮ್ಮಲ್ಲಿ ಸಿಎಸ್‌ಆರ್ ಕಂಪನಿ ಪತ್ರ ಕೊಟ್ಟ ದಿನವೇ ಪೂರ್ತಿ ಮೊತ್ತವನ್ನು ಪಟ್ಟಿಯಲ್ಲಿ ಬರೆಯುವ ರೂಢಿ ಇತ್ತು. ಹಣ ಮಾತ್ರ ಕಂತಿನಲ್ಲಿ ಬರುತ್ತಿತ್ತು. ವರ್ಷದ ಕೊನೆಗೆ ತಾಳೆಯಾಗದೆ ಒದ್ದಾಡುತ್ತಿದ್ದುದಕ್ಕೆ ಇದೇ ಮೂಲ.

ನೇಪಾಳದ ಉದಾಹರಣೆಯನ್ನೂ ಕೊಟ್ಟರು. ಅಲ್ಲಿನ ಹಣಕಾಸು ಸಚಿವಾಲಯ ಮೊದಲು ಹೊರಗಿನ ಸಂಸ್ಥೆಯೊಂದರ ವೇದಿಕೆ ಬಳಸಿ, ಆಮೇಲೆ ತನ್ನದೇ ವ್ಯವಸ್ಥೆಗೆ ಬದಲಾಯಿಸಿಕೊಂಡಿತು. "ನೀವೂ ಒಂದಿನ ಬದಲಾಯಿಸ್ತೀರಿ. ಆವತ್ತು ನಿಮ್ಮ ಮಾಹಿತಿ ನಿಮ್ಮ ಕೈಗೆ ಬರಬೇಕು" ಅಂದರು. ಬಿಟ್ಟುಹೋಗುವಾಗ ಎಲ್ಲ ಮಾಹಿತಿಯನ್ನೂ ತೆರೆದು ಓದಬಹುದಾದ ಫೈಲಿನಲ್ಲಿ, ಬೇರೆ ಶುಲ್ಕವಿಲ್ಲದೆ ಕೊಡಬೇಕು ಅನ್ನುವ ಷರತ್ತು ಹೀಗೆ ಬಂತು. ಒಂದು ಕಂಪನಿ ಈ ಷರತ್ತು ನೋಡಿಯೇ ಹಿಂದೆ ಸರಿಯಿತು. ಸರಿದದ್ದೇ ಒಳ್ಳೆಯದಾಯಿತು.

ಇನ್ನು ಡೆಮೊ. ನಾನು ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅದೇ. ಸಾಮಾನ್ಯವಾಗಿ ಕಂಪನಿಯವರು ತಮ್ಮದೇ ತಯಾರಿ ಮಾಡಿಕೊಂಡು ಬರುತ್ತಾರೆ. ಬಣ್ಣಬಣ್ಣದ ಚಾರ್ಟು, ನಕಾಶೆ ತೋರಿಸುತ್ತಾರೆ. ಮೇಡಂ ಅದಕ್ಕೆ ಬಿಡಲಿಲ್ಲ. ನಮ್ಮ ಹಳೇ ಕಡತಗಳಿಂದ ಒಂದನ್ನು ಆರಿಸಿ, ಹೆಸರು ಊರು ಬದಲಿಸಿ, ಎಲ್ಲರಿಗೂ ಅದನ್ನೇ ಕೊಟ್ಟರು. ಗಂಡ ತೀರಿಹೋದ ಒಬ್ಬ ಹೆಂಗಸು. ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಿ. ಟಾರ್ಪಾಲು ಒಬ್ಬ ದಾನಿಯದ್ದು, ಮಾಡಿನ ಶೀಟು ಕಂಪನಿಯದ್ದು, ಮಗಳ ಫೀಸು ವಿದೇಶಿ ಹಣದ್ದು. "ಇದನ್ನು ನಮ್ಮೆದುರೇ ಏರಿಸಿ ತೋರಿಸಿ."

ಮೊದಲನೆಯವರ ಸಾಫ್ಟ್‌ವೇರ್‌ನಲ್ಲಿ ಆಕೆ ಮೂರು ಜನರಾದರು. ಎರಡನೆಯದರಲ್ಲಿ ಕನ್ನಡದಲ್ಲಿ ಟೈಪ್ ಮಾಡಬಹುದಿತ್ತು, ಆದರೆ ದೀರ್ಘ ಬಿಟ್ಟು 'ಲಕ್ಷ್ಮಿ' ಅಂತ ಹುಡುಕಿದರೆ 'ಲಕ್ಷ್ಮೀ' ಸಿಗಲೇ ಇಲ್ಲ. ಹಳ್ಳಿಯಲ್ಲಿ ನಿಂತು ಬರೆಯುವವರು ಯಾರು ಹ್ರಸ್ವ ದೀರ್ಘ ನೋಡುತ್ತಾರೆ? ಮೂರನೆಯದು ತಾನೇ ಕೇಳಿತು: ಇದೇ ಮನೆಯಲ್ಲಿ ಇಂಥದ್ದೇ ಹೆಸರಿನವರು ಇದ್ದಾರೆ, ಇವರೇನಾ? ಹೌದು ಅಂತ ಒತ್ತಿದ ಮೇಲೆ ಮೂರೂ ನೆರವು ಒಂದೇ ಪುಟದಲ್ಲಿ ಬಂತು. ವಿದೇಶಿ ಹಣದ ಸಾಲು ಮಾತ್ರ ಬೇರೆ ಲೆಕ್ಕಕ್ಕೆ ಹೋಗಿತ್ತು. ನಮ್ಮ ಅಕ್ಕ ಕುರ್ಚಿ ಮುಂದೆ ಎಳೆದುಕೊಂಡಿದ್ದು ಆಗಲೇ.

ಆಮೇಲೆ ಮೇಡಂ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಿ, "ಈಗ ಇನ್ನೊಂದು ಮನೆ ಸೇರಿಸಿ" ಅಂದರು. ಹೊಸನಗರ ತಾಲ್ಲೂಕಿನ ನಗರ ಹೋಬಳಿ ಕಡೆಯೋ ಆಗುಂಬೆ ಕಡೆಯೋ ಮಳೆಗಾಲದಲ್ಲಿ ಹೋದವರಿಗೆ ಈ ಪರೀಕ್ಷೆ ಯಾಕೆ ಅಂತ ಹೇಳಬೇಕಾಗಿಲ್ಲ. ಕರೆಂಟಿಲ್ಲ, ಟವರಿಲ್ಲ. ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಏರಬೇಕು. ಕೊನೆಗೆ ಆಯ್ಕೆಯಾದ ಕಂಪನಿ ಹಳ್ಳಿಯ ಮಾಹಿತಿಗೆ ಕೋಬೋ ಟೂಲ್‌ಬಾಕ್ಸ್, ಲೆಕ್ಕಕ್ಕೆ ಇಆರ್‌ಪಿನೆಕ್ಸ್ಟ್ ಜೋಡಿಸಿಕೊಟ್ಟಿದೆ. ಎರಡೂ ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದದ್ದು. ಫಾರಂ ಪೂರ್ತಿ ಕನ್ನಡದಲ್ಲಿದೆ.

ದರದ ವಿಷಯದಲ್ಲಿ ಮೇಡಂ ಎರಡು ಲಕೋಟೆ ಪದ್ಧತಿ ಇಟ್ಟರು: ಸಾಫ್ಟ್‌ವೇರ್ ವಿವರ ಒಂದರಲ್ಲಿ, ದರ ಇನ್ನೊಂದರಲ್ಲಿ. ಸರ್ಕಾರಿ ಖರೀದಿಯ 1999ರ ಕೆಟಿಪಿಪಿ ಕಾಯ್ದೆ ನಮ್ಮಂಥ ಖಾಸಗಿ ಟ್ರಸ್ಟ್‌ಗೆ ಅನ್ವಯವಾಗುವುದಿಲ್ಲ. ಆದರೂ ಕ್ರಮ ಒಳ್ಳೆಯದು ಅಂತ ಹಾಗೆ ಮಾಡಿದೆವು. ಗುಣಕ್ಕೆ 70, ದರಕ್ಕೆ 30 ಅಂಕ. ಡೆಮೊ ಅಂಕ ಬರೆದು ಸಹಿ ಹಾಕಿದ ಮೇಲೆ ದರದ ಲಕೋಟೆ ಒಡೆದೆವು. ಮೊದಲ ವರ್ಷಕ್ಕೆ ಎಲ್ಲರಿಗಿಂತ ಕಡಿಮೆ ಬರೆದವರು, ಐದು ವರ್ಷಕ್ಕೆ ಲೆಕ್ಕ ಹಾಕಿದಾಗ ಎಲ್ಲರಿಗಿಂತ ದುಬಾರಿಯಾದರು. ಬಳಸುವ ಪ್ರತಿಯೊಬ್ಬರಿಗೂ ತಿಂಗಳ ಶುಲ್ಕ, ವರ್ಷದ ನಿರ್ವಹಣೆ ಶುಲ್ಕ (ಎಎಂಸಿ) ಬೇರೆ, 18% ಜಿಎಸ್‌ಟಿ ಬೇರೆ. ನಮಗೆ ಆ ಜಿಎಸ್‌ಟಿ ವಾಪಸ್ ಬರುವುದೂ ಇಲ್ಲ. ಅಧ್ಯಕ್ಷರು ಆ ಹಾಳೆಯನ್ನು ಎರಡು ಸಲ ಓದಿ, ಮೇಡಂ ಕಡೆ ನೋಡಿ, "ಈ ಹೆಣ್ಣುಮಗಳ ಫೀಸು ಇಲ್ಲೇ ಹುಟ್ಟಿತು" ಅಂದರು. ನಾನು ಲೆಕ್ಕ ಹಾಕಿ ನೋಡಿದೆ, ನಿಜ.

ಈಗ ತಕರಾರು. ಮೊದಲನೆಯದು, ವರದಿ. ಬಂದಿದ್ದು ಪೂರ್ತಿ ಇಂಗ್ಲಿಷಿನಲ್ಲಿ, ಅದೂ ದಪ್ಪ ಪುಸ್ತಕ. ಯಾರ ಮಾತು ಕೇಳಿ ಬರೆದರೋ ಆ ಅಕ್ಕನಿಗೇ ಅದನ್ನು ಓದಲಾಗಲಿಲ್ಲ. ನಾವು ಒತ್ತಾಯ ಮಾಡಿದ ಮೇಲೆ ಕನ್ನಡದಲ್ಲಿ ಸಣ್ಣ ಸಾರಾಂಶ ಕೊಟ್ಟರು. ಕೇಳದೆಯೇ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಎರಡನೆಯದು ಇದಕ್ಕಿಂತ ದೊಡ್ಡದು. ಕಂಪನಿ ಜೊತೆ ಒಪ್ಪಂದ ಆದ ದಿನಕ್ಕೆ ಅವರ ಕೆಲಸ ಮುಗಿಯಿತು. ಆದರೆ ನಿಜವಾದ ಕಷ್ಟ ಶುರುವಾಗಿದ್ದೇ ಅಲ್ಲಿಂದ. ನಮ್ಮ ಹಳೇ ಪಟ್ಟಿಗಳೆಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ. ಹೊಸ ವ್ಯವಸ್ಥೆಗೆ ಹಾಕಿದರೆ ಹೆಸರಿನ ಜಾಗದಲ್ಲಿ ಚುಕ್ಕೆ ಗೀಟುಗಳ ಇಂಗ್ಲಿಷ್ ಅಕ್ಷರ. ಪರಿವರ್ತಕದಲ್ಲಿ ಹಾಕಿ ತೆಗೆದರೂ ಇಂಗ್ಲಿಷ್ ಅಂಕಿ, ಇಂಗ್ಲಿಷ್ ಹೆಸರು ಬೆರೆತಿದ್ದ ಸಾಲುಗಳು ಕೆಟ್ಟುಹೋಗುತ್ತಿದ್ದವು. ಒಂದೊಂದೇ ಸಾಲು ಕಣ್ಣಾರೆ ನೋಡಿ ತಿದ್ದಬೇಕಾಯಿತು. ಮೇಡಂ ಫೋನಿನಲ್ಲಿ ದಾರಿ ಹೇಳಿದರು, ಆದರೆ ಬಂದು ಕೂರಲು ಬೇರೆ ಫೀಸು ಕೇಳಿದರು. ಹಳೇ ಮಾಹಿತಿ ಹೊಸದಕ್ಕೆ ಸರಿಯಾಗಿ ಸೇರುವವರೆಗೆ ಕನ್ಸಲ್ಟೆಂಟ್ ಜೊತೆಗಿರಬೇಕು, ಕೊನೇ ಕಂತು ಆಮೇಲೆಯೇ ಅಂತ ನೀವು ಮಾತ್ರ ಮೊದಲೇ ಬರೆಸಿಕೊಳ್ಳಿ.

ಫೀಸು ಒಂದು ಲಕ್ಷಕ್ಕೆ ಸ್ವಲ್ಪ ಜಾಸ್ತಿ ಆಯಿತು, ಮೂರು ಕಂತಿನಲ್ಲಿ. ವರ್ಷಕ್ಕೆ ಒಂದಿಬ್ಬರು ದಾನಿಗಳು, ಐವತ್ತು ಅರವತ್ತು ಮನೆ ಅನ್ನುವಷ್ಟು ಕೆಲಸ ಇದ್ದರೆ ಸುಮ್ನೆ ಯಾಕೆ ಖರ್ಚು? ಯೂನಿಕೋಡ್‌ನಲ್ಲಿ ಒಂದು ಒಳ್ಳೆಯ ಎಕ್ಸೆಲ್, ಅದನ್ನು ತಿದ್ದಲು ಒಬ್ಬರೇ ಜವಾಬ್ದಾರರು, ಅಷ್ಟು ಸಾಕು. ಸಿಎಸ್‌ಆರ್ ಮತ್ತು ವಿದೇಶಿ ಹಣ ಎರಡೂ ಬರುತ್ತಿದ್ದರೆ, ಹಲವು ತಾಲ್ಲೂಕಲ್ಲಿ ಕೆಲಸ ಇದ್ದರೆ, ಕನ್ಸಲ್ಟೆಂಟ್ ಇಟ್ಟುಕೊಳ್ಳಿ. ಡೆಮೊಗೆ ನಮ್ಮ ಲಕ್ಷ್ಮಮ್ಮನಂಥ ನಿಮ್ಮದೇ ಒಂದು ಕಡತ ತಯಾರು ಮಾಡಿಕೊಳ್ಳಿ. ನಾವು ಬರೆದ ಟಿಓಆರ್ (ಕೆಲಸದ ವಿವರ, ಷರತ್ತುಗಳ ಪತ್ರ) ಮತ್ತು ಅಂಕದ ಹಾಳೆಯನ್ನು, ದಾನಿಗಳ ಹೆಸರು ತೆಗೆದು, ಮಲೆನಾಡಿನ ಯಾವ ಟ್ರಸ್ಟ್ ಕೇಳಿದರೂ ಕೊಡಬಹುದು ಅಂತ ಅಧ್ಯಕ್ಷರು ಒಪ್ಪಿದ್ದಾರೆ. ಕೇಳಿ, ಕಳಿಸುತ್ತೇನೆ.