ಮನೆ ಮಾರಲು ಆ್ಯಪ್, ದಲಾಲ, ಏಜೆಂಟ: ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಏಜೆಂಟರಿಗೆ. ಬೋರ್ಡು ಹಾಕಿ, ಕಚೇರಿ ಇಟ್ಟುಕೊಂಡು, ತಗೊಂಡ ದುಡ್ಡಿಗೆ ರಸೀದಿ ಕೊಡುವ ಏಜೆಂಟರಿಗೆ. ಧಾರವಾಡದ ಮಾಳಮಡ್ಡಿಯಲ್ಲಿದ್ದ ಅಜ್ಜನ ಕಾಲದ ಮನೆ ಮಾರಿ, ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಮನೆ ಕೊಂಡೆವು. ಮಾರುವಾಗ ಆ್ಯಪ್‌ನಲ್ಲಿ ಹಾಕಿದೆವು, ಅಪ್ಪನ ಪರಿಚಯದ ದಲಾಲರಿಗೂ ಹೇಳಿದೆವು, ಕೊನೆಗೆ ಏಜೆಂಟರ ಕಚೇರಿ ಮೆಟ್ಟಿಲು ಹತ್ತಿದೆವು.

ಆ್ಯಪ್ ಹೇಗೆ ಬಳಸಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಫೋಟೊ ಹಾಕಿ, ರೇಟು ಹಾಕಿ, ಕಾಯುವುದು. ಕಮಿಷನ್ ಇಲ್ಲ ಅನ್ನುವುದೇ ಅದರ ದೊಡ್ಡ ಆಕರ್ಷಣೆ. ಆದರೆ ಫೋನ್ ಮಾಡಿದವರಲ್ಲಿ ಜಾಸ್ತಿ ಜನ ಕೊಳ್ಳುವವರಲ್ಲ, ಇನ್ಯಾರದೋ ಪರವಾಗಿ ಕೇಳುವ ದಲಾಲರು. 'ಪಾರ್ಟಿ ರೆಡಿ ಐತ್ರಿ, ಲಾಸ್ಟ್ ರೇಟ್ ಎಷ್ಟ್ ಹೇಳ್ರಿ' ಅಂತ ಶುರು. ಮನೆಯ ಬಾಗಿಲು ಯಾವ ಕಡೆ ಇದೆ ಅಂತಲೂ ನೋಡಿಲ್ಲ, ಆಗಲೇ ಲಾಸ್ಟ್ ರೇಟ್! ನಾನು ಪಾಠ ಮಾಡುವವಳು. ಕ್ಲಾಸಿನಲ್ಲಿ ಫೋನ್ ಬಂದ್. ಸಂಜೆ ಒಬ್ಬೊಬ್ಬರಿಗೇ ತಿರುಗಿ ಫೋನ್ ಮಾಡುವಷ್ಟರಲ್ಲಿ ಅವರಿಗೆ ಯಾವ ಮನೆ ಅನ್ನುವುದೇ ಮರೆತುಹೋಗಿರುತ್ತಿತ್ತು.

ಹಾಗಿದ್ದರೂ ಆ್ಯಪ್‌ನಿಂದಲೇ ಒಬ್ಬರು ಒಳ್ಳೆಯ ಗಿರಾಕಿ ಸಿಕ್ಕರು. ಮನೆ ನೋಡಿದರು, ಹಿತ್ತಲಿನ ತೆಂಗಿನ ಮರ ನೋಡಿ ಖುಷಿಪಟ್ಟರು, ರೇಟು ಕುದುರಿತು, ಸ್ವಲ್ಪ ಮುಂಗಡವನ್ನೂ ಕೊಟ್ಟರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿದೆವು. ಫಾರಂ 16 ಬಂತು, ಅಂದರೆ ಆ ಅವಧಿಯಲ್ಲಿ ಯಾವ ವ್ಯವಹಾರವೂ ನೋಂದಣಿಯಾಗಿಲ್ಲ. ಮಹಾನಗರ ಪಾಲಿಕೆಯ ತೆರಿಗೆ ರಸೀದಿ ಅಪ್ಪನ ಹೆಸರಿನಲ್ಲೇ ಇತ್ತು. ಇನ್ನೇನು ಬೇಕು ಅಂದುಕೊಂಡರು ಅವರು. ಇನ್ನೇನು ಬೇಕು ಅನ್ನುವುದನ್ನು ಅವರಿಗೆ ಸಾಲ ಕೊಡಬೇಕಿದ್ದ ಬ್ಯಾಂಕಿನ ವಕೀಲರು ಹೇಳಿದರು: 'ಸಿಟಿ ಸರ್ವೆ ಉತಾರ ತನ್ರಿ.'

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಹಳೆಯ ಬಡಾವಣೆಯ ಮನೆ ಮಾರುವವರು ಸಿಕ್ಕಿಬೀಳುವುದು ಇಲ್ಲೇ. ಹುಬ್ಬಳ್ಳಿ-ಧಾರವಾಡದ ಹಳೆಯ ಭಾಗಗಳಲ್ಲಿ ಆಸ್ತಿಗೆ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಇರುತ್ತದೆ, ಆ ನಂಬರಿಗೆ ಒಂದು ಪಿಆರ್ ಕಾರ್ಡ್, ಅಂದರೆ ಆಸ್ತಿಯ ಹಕ್ಕುದಾಖಲೆ. ವಕೀಲರು ಕೇಳಿದ ಉತಾರ ಇದೇ. ತೆರಿಗೆ ಯಾರು ಕಟ್ಟುತ್ತಾರೆ ಅಂತ ಪಾಲಿಕೆಯ ದಾಖಲೆ ಹೇಳುತ್ತದೆ. ಹಕ್ಕುದಾರರು ಯಾರು ಅಂತ ನೋಡುವುದು ಪಿಆರ್ ಕಾರ್ಡಿನಲ್ಲಿ. ನಮ್ಮ ಕಾರ್ಡಿನಲ್ಲಿ, ಕೈಬರಹದ ಮಾಸಿದ ನೀಲಿ ಶಾಯಿಯಲ್ಲಿ, ಇನ್ನೂ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡಾಗ ಅಪ್ಪ ಪಾಲಿಕೆಯಲ್ಲಿ ಹೆಸರು ಬದಲಿಸಿದ್ದರು. ಸಿಟಿ ಸರ್ವೆ ಕಚೇರಿಯಲ್ಲಿ ವಾರಸಾ, ಅಂದರೆ ವಾರಸುದಾರರ ಹೆಸರು ಏರಿಸುವ ಕೆಲಸ, ಮಾಡಿಸಿರಲಿಲ್ಲ. ಎರಡೂ ಬೇರೆ ಬೇರೆ ಕಚೇರಿ, ಒಂದರ ಸುದ್ದಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಇನ್ನು ಇಸಿಯಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ. ವಾರಸುದಾರಿಕೆಗೆ ನೋಂದಣಿಯೇ ಇಲ್ಲವಲ್ಲ. ಹಾಗಾಗಿ ಇಸಿ ಎಷ್ಟೇ ಶುಭ್ರವಾಗಿದ್ದರೂ ಈ ತೊಡಕು ಅದರಲ್ಲಿ ಕಾಣುವುದಿಲ್ಲ.

ಇನ್ನೊಂದು ಗಂಟು ನನ್ನ ಇಬ್ಬರು ಅತ್ತೆಯಂದಿರದು. 'ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿ ಆದಮೇಲಿಂದ, ನಿಮ್ಮಜ್ಜ ಅದಕ್ಕೂ ಮೊದಲೇ ಹೋದವರು, ಚಿಂತಿ ಮಾಡಬ್ಯಾಡ್ರಿ' ಅಂತ ಓಣಿಯ ಹಿರಿಯರೊಬ್ಬರು ಧೈರ್ಯ ಹೇಳಿದ್ದರು. ಆ ತಿದ್ದುಪಡಿ ಬಂದದ್ದು ಪಿತ್ರಾರ್ಜಿತ ಆಸ್ತಿಗೆ. ಅಜ್ಜ ತಮ್ಮ ದುಡ್ಡಿನಲ್ಲಿ ಕಟ್ಟಿಸಿದ ಮನೆ ಇದು, ವಿಲ್ ಬರೆದಿರಲಿಲ್ಲ. ಅಂಥ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಅನ್ನುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಗಿರಾಕಿ ಮುಂಗಡ ವಾಪಸ್ ಕೇಳಿದರು, ಕೊಟ್ಟೆವು. ಆ್ಯಪ್‌ನಲ್ಲಿ ನಮ್ಮ ಜಾಹೀರಾತು ಮಾತ್ರ 'ಕ್ಲಿಯರ್ ಟೈಟಲ್' ಅಂತ ಹೊಳೆಯುತ್ತಲೇ ಇತ್ತು. ಅದು ಕೇಳುವುದು ಟಿಕ್ ಮಾರ್ಕ್, ಉತಾರ ಅಲ್ಲ.

ಏಜೆಂಟರ ಕಚೇರಿಗೆ ಹೋದಾಗ ಅವರು ಮನೆಯ ಫೋಟೊ ಕೇಳಲೇ ಇಲ್ಲ. 'ಪಿಆರ್ ಕಾರ್ಡ್ ತಂದೀರೇನ್ರಿ?' ಇದು ಮೊದಲ ಪ್ರಶ್ನೆ. ಕಾರ್ಡ್ ನೋಡಿ ಒಂದು ಹಾಳೆ ತಗೊಂಡು ಅಜ್ಜನಿಂದ ಕೆಳಗೆ ಗೆರೆ ಎಳೆದು ವಂಶಾವಳಿ ಬರೆದರು. ಅಪ್ಪ, ಕೊಲ್ಹಾಪುರದ ಅತ್ತೆ, ತೀರಿಕೊಂಡ ಚಿಕ್ಕತ್ತೆ. ಚಿಕ್ಕತ್ತೆಯ ಹೆಸರಿನ ಕೆಳಗೆ ಅವರ ಇಬ್ಬರು ಮಕ್ಕಳು, ಪಕ್ಕದಲ್ಲಿ ಮಾವ. ಮಾವನ ಸಹಿಯೂ ಬೇಕು ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಯಾವುದಾದ ಮೇಲೆ ಯಾವುದು ಅಂತ ಅದೇ ಹಾಳೆಯಲ್ಲಿ ಸಾಲಾಗಿ ಬರೆದುಕೊಟ್ಟರು: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಸಿಟಿ ಸರ್ವೆಯಲ್ಲಿ ವಾರಸಾ ಅರ್ಜಿ, ಪಾಲಿಕೆಯ ಇ-ಖಾತಾ. ಇ-ಖಾತಾ ಇಲ್ಲದೆ ಈಗ ನಗರದ ಆಸ್ತಿ ನೋಂದಣಿಯಾಗುವುದಿಲ್ಲ ಅನ್ನುವುದು ಗೊತ್ತೇ ಇದೆಯಲ್ಲ.

ಅತ್ತೆಯವರಿಂದ ಹಕ್ಕು ಬಿಟ್ಟ ಪತ್ರ ಮಾಡಿಸಿಬಿಡೋಣ ಅಂತ ಅಪ್ಪ ಅಂದಾಗ ಏಜೆಂಟರು ತಡೆದರು. ಆ ಪತ್ರಕ್ಕೆ ಬೇರೆ ಖರ್ಚು, ಅದಕ್ಕಿಂತ ಜಾಸ್ತಿ, ಅದರಿಂದ ಏಳುವ ಮನಸ್ತಾಪ. ಎಲ್ಲರೂ ಖರೀದಿ ಪತ್ರಕ್ಕೇ ಸಹಿ ಹಾಕಲಿ, ಅವರವರ ಪಾಲು ಅವರವರ ಖಾತೆಗೆ ಹೋಗಲಿ ಅಂದರು. ಕೊಲ್ಹಾಪುರದ ಅತ್ತೆಗೆ ಓಡಾಡಲು ಆಗುವುದಿಲ್ಲ, ಅವರು ಮಗನ ಹೆಸರಿಗೆ ಅಲ್ಲೇ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ನೋಂದಣಿ ಮಾಡಿಸಿದರು. ಇದೆಲ್ಲ ವಕೀಲರೂ ಹೇಳಬಹುದಿತ್ತು ಅನ್ನಬಹುದು. ಹೌದು, ವಕೀಲರನ್ನು ನಾವು ಬೇರೆಯಾಗಿಯೇ ಇಟ್ಟುಕೊಂಡಿದ್ದೆವು. ಆದರೆ ವಕೀಲರು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಸಿಟಿ ಸರ್ವೆ ಕಚೇರಿಗೆ ಹೋಗಿ ಅರ್ಜಿ ಯಾವ ಟೇಬಲ್ ಮೇಲೆ ಕೂತಿದೆ ಅಂತ ನೋಡಿ ಬರುವವರು ಏಜೆಂಟರ ಹುಡುಗರು.

ದಲಾಲರ ವಿಷಯ ಬೇಗ ಮುಗಿಸುತ್ತೇನೆ. ಒಳ್ಳೆಯ ಮನುಷ್ಯ, ಊರೆಲ್ಲ ಪರಿಚಯ, ಚಹಾ ಅಂಗಡಿಯೇ ಕಚೇರಿ. ಹೇಳದೆ ಕೇಳದೆ ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿ ಕರೆತರುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಎರಡು. ಒಂದು, 'ನಿಮಗ ಇಷ್ಟ್ ಬಂದ್ರ ಸಾಕಲ್ರಿ, ಮ್ಯಾಲಿಂದು ನಂದು' ಅನ್ನುವ ಲೆಕ್ಕ. ಗಿರಾಕಿಗೆ ಅವರು ಏನು ರೇಟು ಹೇಳಿದರು ಅನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ಎರಡು, ಅರ್ಧ ದುಡ್ಡು ನಗದು ತಗೊಳ್ಳಿ ಅನ್ನುವ ಸಲಹೆ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ, ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಆ ದಂಡ ಬೀಳುವುದು ಅಪ್ಪನ ಮೇಲೆ, ಚಹಾ ಅಂಗಡಿಯ ಮೇಲಲ್ಲ.

ಹುಬ್ಬಳ್ಳಿಯಲ್ಲಿ ಕೊಳ್ಳುವಾಗಲೂ ಅದೇ ಏಜೆಂಟರು. ಊರಂಚಿನಲ್ಲಿ ಅಗ್ಗವಾಗಿ ಗುಂಟೆ ಲೆಕ್ಕದಲ್ಲಿ ಮಾರುವ ಜಾಗ ನೋಡೋಣ ಅಂದೆ. ಎನ್‌ಎ (ಕೃಷಿಯೇತರ) ಆಗಿಲ್ಲದ ಹೊಲ, ಅದಕ್ಕೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಫಾರಂ 9, 11ಎ ಹುಟ್ಟುವುದಿಲ್ಲ ಅಂದು ಆ ಫೈಲನ್ನು ತೆರೆಯಲೂ ಇಲ್ಲ. ಎರಿ (ಕಪ್ಪು) ಮಣ್ಣಿನ ಮೇಲೆ ಕಟ್ಟಿದ ಒಂದು ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕನ್ನು ಬೆರಳಿಟ್ಟು ತೋರಿಸಿದರು. ಮೇಲೆ ಹೊಸ ಪೇಂಟ್ ಬಳಿದಿದ್ದರು. ಯಾವ ಓಣಿಗೆ ಮಲಪ್ರಭಾ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದೂ ಅವರ ಬಾಯಲ್ಲೇ ಇತ್ತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.6 ಮತ್ತು 2025ರ ಆಗಸ್ಟ್ 31ರಿಂದ ಶೇ. 2 ಆಗಿರುವ ನೋಂದಣಿ ಶುಲ್ಕ, ಒಟ್ಟು ಶೇ. 7.6 ತೆಗೆದಿಡಿ ಅಂತ ಮೊದಲ ದಿನವೇ ಬರೆದುಕೊಟ್ಟರು. ನಾನು ಹಳೆಯ ಶೇ. 1ರ ಲೆಕ್ಕದಲ್ಲೇ ಇದ್ದೆ.

ಏಜೆಂಟರಲ್ಲಿ ಕೊರತೆ ಇಲ್ಲವೆಂದಲ್ಲ. ಮಾರುವವರಿಂದಲೂ ಕೊಳ್ಳುವವರಿಂದಲೂ ಕಮಿಷನ್ ತಗೊಳ್ಳುತ್ತಾರೆ. ಹಾಗಾಗಿ ರೇಟಿನ ವಿಷಯದಲ್ಲಿ ಅವರು ಪೂರ್ತಿ ನಮ್ಮವರಲ್ಲ. 'ಇಷ್ಟಕ್ಕ ಮುಗಸ್ರಿ' ಅನ್ನುವ ಒತ್ತಾಯ ಇದ್ದೇ ಇರುತ್ತದೆ. ರೇಟನ್ನು ನಾವೇ ಗಟ್ಟಿಯಾಗಿ ಹಿಡಿಯಬೇಕು. ಅವರು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಿದ್ದಾರಾ ಅಂತ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಬಹುದು, ನಾನು ನೋಡಿಯೇ ಹೋದೆ. ಆದರೆ ಆ ಕಾಯ್ದೆ ಇರುವುದು ನೋಂದಾಯಿತ ಹೊಸ ಯೋಜನೆಗಳ ಮಾರಾಟಕ್ಕೆ. ನಮ್ಮಂಥ ಹಳೆಯ ಮನೆಗೆ ಅದರ ರಕ್ಷಣೆ ಸಿಗುವುದಿಲ್ಲ. ಮನುಷ್ಯ ಎಂಥವರು ಅನ್ನುವುದಕ್ಕೆ ಅದೊಂದು ಗುರುತು, ಅಷ್ಟೆ.

ನನ್ನ ತಮ್ಮ ತನ್ನ ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಸೈಟನ್ನು ಪಕ್ಕದ ಮನೆಯವರಿಗೇ ಮಾರುತ್ತಿದ್ದಾನೆ. ಮಂಜೂರಾತಿಯಿಂದ ಹಿಡಿದು ಎಲ್ಲ ಕಾಗದ ಒಂದೇ ಫೈಲಿನಲ್ಲಿವೆ, ಗಿರಾಕಿ ಕಾಂಪೌಂಡಿನ ಆಚೆಯೇ ಇದ್ದಾರೆ. ಅವನಿಗೆ ಏಜೆಂಟ್ ಯಾಕೆ? ಸುಮ್ನೆ ಖರ್ಚು. ನನ್ನ ಹಾಗೆ ಹಗಲು ಫೋನ್ ಎತ್ತಲಾಗದವರು, ಚೌಕಾಸಿ ಅಂದರೆ ಹಿಂಜರಿಯುವವರು, ಅಜ್ಜನ ಹೆಸರಿನ ಮನೆ ಇಟ್ಟುಕೊಂಡವರು ಕಮಿಷನ್ ಕೊಡುವುದೇ ಲೇಸು.

ಕಮಿಷನ್ನಿನಲ್ಲೂ ಮಾತುಕತೆ ನಡೆಯುತ್ತದೆ. ಅವರು ಶೇ. 2 ಕೇಳಿದರು. ಮಾರುವುದು, ಕೊಳ್ಳುವುದು ಎರಡೂ ನಿಮ್ಮ ಕೈಯಲ್ಲೇ ಅಂದಾಗ ಶೇ. 1ಕ್ಕೆ ಇಳಿದರು. ಅರ್ಧ ಸಂಚಕಾರದ (ಮುಂಗಡ ಕರಾರಿನ) ದಿನ, ಉಳಿದರ್ಧ ಖರೀದಿ ಪತ್ರ ನೋಂದಣಿಯಾದ ದಿನ ಅಂತ ಬರೆಸಿಕೊಂಡೆವು. ನೋಂದಣಿ ಆಗದಿದ್ದರೆ ಮೊದಲಿನರ್ಧ ವಾಪಸ್ ಅಂತಲೂ ಒಂದು ಸಾಲು ಸೇರಿಸಿ ಅಂದೆ. ತಲೆ ಕೆರೆದುಕೊಂಡರು, 'ಹಿಂಗ ಯಾರೂ ಬರಸಿಕೊಂಡಿಲ್ರಿ ಮೇಡಂ' ಅಂದರು, ಆಮೇಲೆ ಸೇರಿಸಿ ಸಹಿ ಹಾಕಿದರು.