ಸ್ಪಿನ್, ಟಿಎಲ್‌ಎ ಪ್ಲಸ್, ಡ್ಯಾಫ್ನಿ: ಒಂದೇ ರಿಂಗ್ ಬಫರಿನ ಮೇಲೆ

ಪ್ರೋಗ್ರಾಮ್ ಸರಿಯಿದೆಯೇ ಎಂದು ಗಣಿತದ ವಿಧಾನದಿಂದ ನೋಡುವ ಔಪಚಾರಿಕ ಪರಿಶೀಲನೆಯ ಉಪಕರಣಗಳ ಗುಣ ತಿಳಿಯಬೇಕಾದರೆ ಒಂದೇ ಪ್ರೋಗ್ರಾಮನ್ನು ಎಲ್ಲದರಲ್ಲೂ ಬರೆದು ನೋಡಬೇಕು. ನಾನು ಆರಿಸಿಕೊಂಡದ್ದು ಬರೆಯುವ ಮತ್ತು ಓದುವ ತಲಾ ಒಂದು ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆ) ಇರುವ ರಿಂಗ್ ಬಫರ್, ಅಂದರೆ ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಮರಳುವ ಸ್ಲಾಟುಗಳ ಸಾಲು. ಅದರಲ್ಲಿ ಬೇಕೆಂದೇ ಒಂದು ದೋಷವನ್ನಿಟ್ಟೆ: ಮೌಲ್ಯವನ್ನು ಸ್ಲಾಟಿನಲ್ಲಿ ಇಡುವ ಮೊದಲೇ ಬರೆಯುವ ಥ್ರೆಡ್, ಮುಂದೆ ಬರೆಯಬೇಕಾದ ಜಾಗವನ್ನು ತೋರುವ ಟೇಲ್ ಅನ್ನು ಮುಂದಕ್ಕೆ ಸರಿಸುತ್ತದೆ.

ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ರೂಪಿಸಿದ ಸ್ಪಿನ್ ಇದನ್ನು ತಕ್ಷಣ ಹಿಡಿಯಿತು. ಅದರ ಪ್ರೊಮೆಲಾ ಭಾಷೆ ಸಿ ಬಲ್ಲವರಿಗೆ ಬೇಗ ಒಗ್ಗುತ್ತದೆ. ಆದರೆ ಒಂದೇ ದಾರಿ ಹಿಡಿದು ಆಳಕ್ಕಿಳಿಯುವುದು ಅದರ ಹುಡುಕಾಟದ ಕ್ರಮವಾದ್ದರಿಂದ, ಮೊದಲು ಸಿಕ್ಕ ಪ್ರತ್ಯುದಾಹರಣೆ (ತಪ್ಪಿನತ್ತ ಒಯ್ಯುವ ಹೆಜ್ಜೆಗಳ ಸರಣಿ) ದೋಷಕ್ಕೆ ಸಂಬಂಧವಿಲ್ಲದ ಹೆಜ್ಜೆಗಳಿಂದ ಉದ್ದವಾಗಿತ್ತು.

ಲೆಸ್ಲಿ ಲ್ಯಾಂಪೋರ್ಟರ ಟಿಎಲ್‌ಎ ಪ್ಲಸ್‌ನಲ್ಲಿ ಗಣಿತದ ಬರವಣಿಗೆ ರೂಢಿಯಾಗಲು ಸಮಯ ಬೇಕು. ಆದರೂ ಅದರ ಟಿಎಲ್‌ಸಿ ಪರೀಕ್ಷಕ ಪ್ರೋಗ್ರಾಮ್ ತಲುಪಬಲ್ಲ ಎಲ್ಲ ಸ್ಥಿತಿಗಳನ್ನೂ ಕಡಿಮೆ ಹೆಜ್ಜೆಯವುಗಳಿಂದ ಮೊದಲಾಗಿ ಮಟ್ಟ ಮಟ್ಟವಾಗಿ ನೋಡುವುದರಿಂದ ಉತ್ತರ ಮೂರೇ ಹೆಜ್ಜೆಗಳಲ್ಲಿ ಬಂತು: ಟೇಲ್ ಸರಿಯಿತು, ಓದುವ ಥ್ರೆಡ್‌ಗೆ ಬಫರ್ ಖಾಲಿಯಿಲ್ಲವೆಂದು ಕಂಡಿತು, ಅದು ಹಳೆಯ ಮೌಲ್ಯವನ್ನೇ ಓದಿತು. ದೋಷವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗುಣಕ್ಕಾಗಿಯೇ ನಾನು ಇದನ್ನು ಮೊದಲ ಸ್ಥಾನದಲ್ಲಿಡುತ್ತೇನೆ. ಇದಕ್ಕೂ ಸ್ಪಿನ್‌ಗೂ ಇರುವ ಮಿತಿಯೆಂದರೆ, ಪರೀಕ್ಷೆ ನಾವು ಕೊಟ್ಟ ಬಫರಿನ ಚಿಕ್ಕ ಗಾತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಗಾತ್ರ ಏರಿದರೆ ಸ್ಥಿತಿಗಳ ಸಂಖ್ಯೆ ಕೈಮೀರುತ್ತದೆ.

ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರುಸ್ತಾನ್ ಲೈನೋ ಆರಂಭಿಸಿದ ಡ್ಯಾಫ್ನಿಗೆ ಆ ಮಿತಿಯಿಲ್ಲ. ಅದು ಯಾವುದೇ ಗಾತ್ರದ ಬಫರಿಗೂ ಒಪ್ಪುವ ಗಣಿತದ ಸಾಧನೆಯನ್ನೇ (ಪ್ರೂಫ್) ಕೇಳುತ್ತದೆ. ಗಾತ್ರವನ್ನು ಚರಾಂಶವಾಗಿಟ್ಟು ಶೇಷ ತೆಗೆಯುವ ಲೆಕ್ಕ ಬರೆದಾಗ ಸಾಧನೆಯನ್ನು ತಾನೇ ಹುಡುಕುವ ಒಳಗಿನ ಜೆಡ್3 ಸಾಲ್ವರ್ ಸಮಯ ಮೀರಿ ನಿಂತಿತು. ಆ ಲೆಕ್ಕಕ್ಕೆ ಪ್ರತ್ಯೇಕ ಲೆಮ್ಮಾ (ನೆರವಿನ ಚಿಕ್ಕ ಪ್ರಮೇಯ) ಬರೆದುಕೊಟ್ಟ ಮೇಲೆ ಸಾಧನೆ ಮುಗಿಯಿತು. ಇಂಡೆಕ್ಸ್ (ಸ್ಲಾಟಿನ ಸಂಖ್ಯೆ) ಎಂದೂ ಮಿತಿ ದಾಟದು, ತುಂಬಿದ ಬಫರ್ ಖಾಲಿಯೆಂದು ಕಾಣದು ಎಂಬ ಖಾತ್ರಿ ಇಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲಿಲ್ಲ. ಆದರೆ ನಾನಿಟ್ಟ ದೋಷವನ್ನು ಡ್ಯಾಫ್ನಿ ಒಪ್ಪಿಕೊಂಡುಬಿಟ್ಟಿತು. ಸಾಧಾರಣ ಮೆಥಡ್ (ಹೆಸರಿಟ್ಟ ಕೋಡಿನ ತುಣುಕು) ಆಗಿ ಬರೆದರೆ ಅದು ನೋಡುವುದು ಮೆಥಡ್‌ನ ಆರಂಭದ ಮತ್ತು ಕೊನೆಯ ಷರತ್ತುಗಳನ್ನು. ನಡುವೆ ಇನ್ನೊಂದು ಥ್ರೆಡ್ ಇಣುಕಬಹುದೆಂಬುದನ್ನು ನಾವೇ ಮಾದರಿಯಲ್ಲಿ ತರಬೇಕು.

ಹಾಗಾಗಿ ಥ್ರೆಡ್‌ಗಳ ಕ್ರಮವೇ ಪ್ರಶ್ನೆಯಾಗಿದ್ದರೆ ಟಿಎಲ್‌ಎ ಪ್ಲಸ್, ಕೋಡಿನ ಲೆಕ್ಕಾಚಾರವೇ ಪ್ರಶ್ನೆಯಾಗಿದ್ದರೆ ಡ್ಯಾಫ್ನಿ ಎಂಬುದು ನನ್ನ ಆಯ್ಕೆ. ಸ್ಪಿನ್ ಮತ್ತು ಟಿಎಲ್‌ಸಿಯಲ್ಲಿ ನಾನು ಬರೆದ ಮಾದರಿಗಳು ಮೆಮೊರಿಗೆ ಬರೆದದ್ದು ಬರೆದ ಕ್ರಮದಲ್ಲೇ ಎಲ್ಲರಿಗೂ ಕಾಣುತ್ತದೆಂದು ಭಾವಿಸಿದ್ದವು. ಆರ್ಮ್ ಪ್ರೊಸೆಸರ್‌ಗಳಲ್ಲಿ ಆ ಕ್ರಮ ಬದಲಾಗಬಹುದಾದ್ದರಿಂದ, ಟಿಎಲ್‌ಎ ಪ್ಲಸ್ ಮಾದರಿಯಲ್ಲಿ ಬರೆದಿದ್ದರೂ ಇತರರಿಗೆ ಇನ್ನೂ ಕಾಣದ ಬಾಕಿ ಬರಹಗಳ ಒಂದು ಗುಂಪನ್ನು ಸೇರಿಸಿದೆ. ಆಗ ದೋಷ ತಿದ್ದಿದ ಪ್ರೋಗ್ರಾಮ್ ಕೂಡ ಸೋತಿತು, ಮೌಲ್ಯಕ್ಕೂ ಟೇಲ್‌ಗೂ ನಡುವೆ ಕ್ರಮ ಬದಲಾಗದಂತೆ ತಡೆಯುವ ಬ್ಯಾರಿಯರ್ ಇಟ್ಟಾಗಲೇ ಗೆದ್ದಿತು.